ಸುಳ್ಳೆನಿಸಿದ ವಾರ್ನಿಂಗ್, ಕಾಣೆಯಾದ ವಿಳಾಸಗಳು: ಒಂದು ಚೆಕ್‌ಸಮ್ ಪ್ರಕರಣ

ಹಿನ್ನೆಲೆ

ಹಲವು ಸರ್ವರ್‌ಗಳಿಗೆ ಯುಡಿಪಿ (ಮೊದಲು ಸಂಪರ್ಕ ಏರ್ಪಡಿಸದೆಯೇ ಸಂದೇಶ ಕಳುಹಿಸುವ ಪ್ರೊಟೊಕಾಲ್) ಪ್ಯಾಕೆಟ್‌ಗಳನ್ನು ಹಂಚುವ ಒಂದು ಪ್ರೋಗ್ರಾಮ್. ಸಿ ಭಾಷೆಯಲ್ಲಿ ಬರೆದದ್ದು, ಲಿನಕ್ಸ್ ಮೇಲೆ ಓಡುವಂಥದ್ದು. ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಯುಡಿಪಿ ಪದರದ ಗೊಡವೆಗೆ ಹೋಗದೆ ಪ್ಯಾಕೆಟ್ ಸಾಕೆಟ್ ಮೂಲಕ ಈಥರ್ನೆಟ್ ಫ್ರೇಮ್‌ಗಳನ್ನೇ ನೇರವಾಗಿ ಓದಿ ಬರೆಯುತ್ತಿತ್ತು. ತಂಡ, ಉತ್ಪನ್ನ, ಬಳಕೆದಾರರು ಯಾರೆಂಬುದು ಇಲ್ಲಿ ಬೇಡ. ನಿಜವಾದ ಐಪಿ ವಿಳಾಸಗಳ ಜಾಗದಲ್ಲಿ ಉದಾಹರಣೆಗಳಿಗೆಂದೇ ಮೀಸಲಾದ ವಿಳಾಸಗಳನ್ನು ಹಾಕಿದ್ದೇನೆ. ನಾನು ಆ ಕೋಡ್ ರಿವ್ಯೂ ಮಾಡುತ್ತಿದ್ದವರಲ್ಲಿ ಒಬ್ಬ. ತನಿಖೆಯ ಕೊನೆಯ ಹಂತದಲ್ಲಿ ಜೊತೆಗಿದ್ದೆ.

ಪ್ಯಾಕೆಟ್ ನಡುವೆ ಕೆಟ್ಟಿಲ್ಲವೆಂದು ತಲುಪುವ ಕಡೆ ಖಚಿತಪಡಿಸಿಕೊಳ್ಳಲು ಅದರ ಜೊತೆ ಕಳುಹಿಸುವ ಮೊತ್ತವೇ ಚೆಕ್‌ಸಮ್. ಪ್ರೋಗ್ರಾಮ್‌ನಲ್ಲಿ ಚೆಕ್‌ಸಮ್ ಲೆಕ್ಕ ಎರಡು ದಾರಿಯಲ್ಲಿ ನಡೆಯುತ್ತಿತ್ತು. ಹೊರಗಿನಿಂದ ಬಂದ ಪ್ಯಾಕೆಟ್ ಆದರೆ ಗುರಿ ವಿಳಾಸ ಮಾತ್ರ ಬದಲಾಗುತ್ತದೆ. ಹಾಗಾಗಿ 1994ರ ಆರ್‌ಎಫ್‌ಸಿ 1624 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ಪ್ರೊಟೊಕಾಲ್‌ಗಳ ದಾಖಲೆ) ಹೇಳುವಂತೆ ಹಳೆಯ ಚೆಕ್‌ಸಮ್‌ನಿಂದ ಹಳೆಯ ವಿಳಾಸವನ್ನು ಕಳೆದು ಹೊಸದನ್ನು ಕೂಡಿದರೆ ಸಾಕು, ಇಡೀ ಪ್ಯಾಕೆಟ್ ಓದಬೇಕಿಲ್ಲ. ಪ್ರೋಗ್ರಾಮ್ ತಾನೇ ಹುಟ್ಟಿಸುವ ಪ್ಯಾಕೆಟ್‌ಗೆ ಮಾತ್ರ ಮೊದಲಿನಿಂದ ಪೂರ್ತಿ ಲೆಕ್ಕ ಹಾಕಬೇಕು. ಅಂಥ ಪ್ಯಾಕೆಟ್ ಇದ್ದದ್ದು ಒಂದೇ ಬಗೆಯದು. ಬಹಳ ಹೊತ್ತು ಸದ್ದಿಲ್ಲದ ಸೆಷನ್ ಕಂಡರೆ ಈ ಪ್ರೋಗ್ರಾಮ್‌ನ ಹಿಂದಿರುವ ಸರ್ವರ್‌ಗೆ ‘ಈ ಸೆಷನ್ ಮುಗಿಯಿತು’ ಎಂದು ತಿಳಿಸುವ ಸಣ್ಣ ಸಂದೇಶ.

ಪೂರ್ತಿ ಲೆಕ್ಕದ ಫಂಕ್ಷನ್ ಎಲ್ಲರೂ ಬರೆಯುವಂಥದ್ದೇ. ಅದಕ್ಕೆ ಕೊಡುವುದು ಒಂದು ವಾಯ್ಡ್ ಪಾಯಿಂಟರ್ (ಯಾವ ಬಗೆಯ ಡೇಟಾ ಎಂದು ಹೇಳದೆ ಮೆಮೊರಿಯ ಜಾಗವನ್ನಷ್ಟೇ ತೋರಿಸುವಂಥದ್ದು), ಒಂದು ಉದ್ದ. ಒಳಗೆ ಆ ಪಾಯಿಂಟರನ್ನು 16 ಬಿಟ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿ (ಬಗೆ ಬದಲಿಸಿ), ಎರಡೆರಡು ಬೈಟ್ ಓದಿ ಕೂಡಿಸುತ್ತಾ ಹೋಗುವುದು. ಮೂಲ ವಿಧಾನ 1988ರ ಆರ್‌ಎಫ್‌ಸಿ 1071ರಲ್ಲಿದೆ. ಸಿ ಭಾಷೆಗೆ ಮೊದಲ ಅಧಿಕೃತ ಮಾನದಂಡ ಬಂದದ್ದು 1989ರಲ್ಲಿ. ಈ ಶೈಲಿ ಅದಕ್ಕೂ ಹಳೆಯದು. ಯುಡಿಪಿಗಾದರೆ ಈ ಫಂಕ್ಷನ್ನಿಗೆ ಮೊದಲು ಸ್ಯೂಡೊ ಹೆಡರ್ (ಲೆಕ್ಕಕ್ಕೆ ಮಾತ್ರ ಸೇರುವ, ಪ್ಯಾಕೆಟ್ ಜೊತೆ ಹೋಗದ ಹೆಡರ್) ಕೊಡಬೇಕು. 1980ರ ಆರ್‌ಎಫ್‌ಸಿ 768ರ ಪ್ರಕಾರ ಅದು 12 ಬೈಟ್: ಮೂಲ ವಿಳಾಸ ನಾಲ್ಕು, ಗುರಿ ವಿಳಾಸ ನಾಲ್ಕು, ಒಂದು ಸೊನ್ನೆ ಬೈಟ್, ಒಂದು ಪ್ರೊಟೊಕಾಲ್ ಬೈಟ್, ಉದ್ದಕ್ಕೆ ಎರಡು. ಕೋಡ್‌ನಲ್ಲಿ ಇದು ಸ್ಟ್ಯಾಕ್ ಮೇಲಿನ ಪುಟ್ಟ ಸ್ಟ್ರಕ್ಟ್ (ಹಲವು ಸದಸ್ಯಗಳನ್ನು ಒಟ್ಟಿಗೆ ಇಡುವ ರಚನೆ). ಎರಡು ವಿಳಾಸಗಳೂ 32 ಬಿಟ್ ಸದಸ್ಯಗಳು.

ವಾರ್ನಿಂಗ್‌ಗಳ ರಾಶಿ

ತಂಡ ಜಿಸಿಸಿ ಎಂಬ ಕಂಪೈಲರ್‌ನ 8ನೇ ಆವೃತ್ತಿಯಿಂದ 12ಕ್ಕೆ ಬಂತು. ಅದೇ ಬ್ರಾಂಚ್‌ನಲ್ಲಿ ವೇಗಕ್ಕಾಗಿ ಚೆಕ್‌ಸಮ್ ಫಂಕ್ಷನ್ನನ್ನು ಬೇರೆ ಫೈಲ್‌ನಿಂದ ಎತ್ತಿ ಹೆಡರ್ ಫೈಲ್‌ನಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಆಗಿ (ಕರೆದ ಜಾಗದಲ್ಲೇ ಫಂಕ್ಷನ್ನಿನ ಕೋಡ್ ಬಂದು ಕೂರುವಂತೆ) ಇಟ್ಟರು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದು ಮುಂದೆ ತನಿಖೆಯನ್ನು ಬಹಳ ತೊಡಕು ಮಾಡಿತು. ವಾರ್ನಿಂಗ್ ಬಂದರೆ ಬಿಲ್ಡ್ ನಿಲ್ಲಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು. ಹೊಸ ಕಂಪೈಲರ್ ಹಾಕಿದೊಡನೆ ಬಿಲ್ಡ್ ನಿಂತಿತು.

ಬಂದ ವಾರ್ನಿಂಗ್‌ಗಳಲ್ಲಿ ಹೆಚ್ಚಿನವು ಪ್ಯಾಕ್ಡ್ ಸ್ಟ್ರಕ್ಟ್‌ನ (ಸದಸ್ಯಗಳ ನಡುವೆ ಖಾಲಿ ಜಾಗ ಬಿಡದ್ದು) ಸದಸ್ಯದ ವಿಳಾಸ ತೆಗೆದುಕೊಂಡದ್ದರ ಬಗ್ಗೆ. ಇದು ಜಿಸಿಸಿ 9ರಿಂದ, ಅಂದರೆ 2019ರಿಂದ, ಕೇಳದೆಯೇ ಬರುವ ವಾರ್ನಿಂಗ್. ‘ನಮ್ಮ ಯಂತ್ರದಲ್ಲಿ ಇದರಿಂದ ಏನೂ ಆಗುವುದಿಲ್ಲ’ ಎಂಬ ಮಾತು ಮೀಟಿಂಗ್‌ನಲ್ಲಿ ಬಂತು. ಎಕ್ಸ್86ನಲ್ಲಿ ಬಹುಮಟ್ಟಿಗೆ ನಿಜ. ಆದರೆ ಈಥರ್ನೆಟ್ ಹೆಡರ್ 14 ಬೈಟ್ ಇರುವುದರಿಂದ ಅದರ ಹಿಂದೆ ಬರುವ ಐಪಿ ಹೆಡರ್ ನಾಲ್ಕರಿಂದ ಭಾಗವಾಗುವ ಮೆಮೊರಿ ವಿಳಾಸಕ್ಕೆ ಕೂರುವುದಿಲ್ಲ. 32 ಬಿಟ್ ಆರ್ಮ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯ ಲೋಡ್ ಇದನ್ನು ಸಹಿಸಿಕೊಂಡರೂ ಹಲವು ರಿಜಿಸ್ಟರ್‌ಗಳನ್ನು ಒಟ್ಟಿಗೆ ತುಂಬುವ ಸೂಚನೆ ಸಹಿಸದೆ ಪ್ರೋಗ್ರಾಮ್ ಬೀಳಬಹುದು. ತಂಡ ಇವನ್ನು ಒಂದೊಂದಾಗಿ ಸರಿಯಾಗಿ ತಿದ್ದಿತು.

ಎರಡನೆಯದು ಮ್ಯಾಕ್ ವಿಳಾಸಗಳ (ನೆಟ್‌ವರ್ಕ್ ಕಾರ್ಡ್‌ಗಳ ವಿಳಾಸ) ನಕಲು. ಗುರಿ ಮತ್ತು ಮೂಲ ಮ್ಯಾಕ್ ವಿಳಾಸಗಳು ಅಕ್ಕಪಕ್ಕ ಇರುತ್ತವೆ, ತಲಾ ಆರು ಬೈಟ್. ಹಳಬರು ಒಂದೇ ಮೆಮ್‌ಕಾಪಿಯಲ್ಲಿ 12 ಬೈಟ್ ಎತ್ತಿ ಹಾಕಿದ್ದರು. ಆರು ಬೈಟ್‌ನ ಸದಸ್ಯದ ಗಡಿ ದಾಟುತ್ತಿದ್ದೀರಿ ಎಂದಿತು ಕಂಪೈಲರ್. ಗಡಿ ದಾಟಿದ್ದು ಹೌದು, ಬೇಕೆಂದೇ ದಾಟಿದ್ದು. ಯಾರ ಜಾಗವನ್ನೂ ಕೆಡಿಸಿರಲಿಲ್ಲ. ಇಂಥ ಜಾಗಗಳು ಲಿನಕ್ಸ್ ಕರ್ನಲ್‌ನಲ್ಲೂ ಬಹಳ ಇದ್ದವು. ಅಕ್ಕಪಕ್ಕದ ಸದಸ್ಯಗಳಿಗೆ ಒಂದು ಗುಂಪಿನ ಹೆಸರು ಕೊಡುವ ‘ಸ್ಟ್ರಕ್ಟ್ ಗ್ರೂಪ್’ ಮ್ಯಾಕ್ರೊ ಅಲ್ಲಿ 2021ರಲ್ಲಿ ಬಂದದ್ದೇ ಇದಕ್ಕಾಗಿ. ಇಲ್ಲಿ ಎರಡು ಆರು ಬೈಟ್ ನಕಲು ಮಾಡಿ ಮುಗಿಸಿದರು.

ಮೂರನೆಯ ವಾರ್ನಿಂಗ್ ಒಂದೇ ಒಂದು. ಸ್ಯೂಡೊ ಹೆಡರ್ ಸ್ಟ್ರಕ್ಟ್‌ಗೆ ಮೌಲ್ಯ ತುಂಬದೆಯೇ ಬಳಸಿರಬಹುದು ಎಂದು ಅದು ಹೇಳುತ್ತಿತ್ತು. ತೋರಿಸಿದ ಸಾಲು ಚೆಕ್‌ಸಮ್ ಫಂಕ್ಷನ್ನಿನ ಲೂಪ್ ಒಳಗಿನದು.

ಕೋಡ್ ನೋಡಿದ ಯಾರಿಗಾದರೂ ಇದು ಹಸಿ ಸುಳ್ಳು ಅನಿಸಬೇಕು. ಸ್ಟ್ರಕ್ಟ್ ಘೋಷಿಸಿದ ಮರುಸಾಲಿನಿಂದಲೇ ಐದು ಸದಸ್ಯಗಳಿಗೂ ಐದು ಸಾಲಿನಲ್ಲಿ ಮೌಲ್ಯ ಕೊಟ್ಟಿದೆ, ನಡುವೆ ಒಂದು ಇಫ್ ಕೂಡ ಇಲ್ಲ. ಆರನೆಯ ಸಾಲಿನಲ್ಲಿ ಚೆಕ್‌ಸಮ್‌ಗೆ ಕರೆ.

ಅದು ಸುಳ್ಳೆಂದು ನಂಬಲು ಒಳ್ಳೆಯ ಕಾರಣವೂ ಇತ್ತು. ಮೌಲ್ಯ ತುಂಬದ ಜಾಗದ ಪಾಯಿಂಟರನ್ನು ಕಾನ್ಸ್ಟ್ (ಓದಲಷ್ಟೇ ಬಳಸುವ) ಪ್ಯಾರಾಮೀಟರ್ ಇರುವ ಫಂಕ್ಷನ್ನಿಗೆ ಕೊಟ್ಟರೆ ಗದರಿಸುವ ಹೊಸ ಪರೀಕ್ಷೆ ಜಿಸಿಸಿ 11ರಲ್ಲಿ ಸೇರಿದೆ. ಈ ಬಗೆಯ ವಾರ್ನಿಂಗ್‌ನಲ್ಲಿ ಹುಸಿ ಎಚ್ಚರಿಕೆಗಳು ಎಷ್ಟು ಹೆಚ್ಚೆಂದರೆ ಲಿನಕ್ಸ್ ಕರ್ನಲ್ 2020ರಲ್ಲಿ ತನ್ನ ಸಾಮಾನ್ಯ ಬಿಲ್ಡ್‌ನಿಂದ ಇದನ್ನು ತೆಗೆದೇಹಾಕಿತು. ತಂಡದ ಹಿರಿಯ ಎಂಜಿನಿಯರ್‌ಗೆ ಇವೆರಡೂ ಗೊತ್ತಿತ್ತು. ಹೊಸ ಪರೀಕ್ಷೆಯ ಗಲಾಟೆ ಎಂದು ತೀರ್ಮಾನಿಸಿ, ಘೋಷಣೆಯ ಸಾಲಿನಲ್ಲೇ ಸ್ಟ್ರಕ್ಟ್‌ಗೆ ಒಟ್ಟಾಗಿ ಸೊನ್ನೆ ತುಂಬಿದರು. ವಾರ್ನಿಂಗ್ ಹೋಯಿತು. ಸೊನ್ನೆ ತುಂಬಿದ್ದರಿಂದ ಕೆಡುಕೇನು ಬಂದೀತು ಎಂದು ರಿವ್ಯೂನಲ್ಲಿ ಎಲ್ಲರೂ ಒಪ್ಪಿದರು. ಈ ಪ್ರಕರಣದ ಮೊದಲ ತಿರುವು ಇದೇ.

ಕ್ಷೇತ್ರದಲ್ಲಿ ಕಂಡದ್ದು

ಹೊಸ ಆವೃತ್ತಿ ಹೊರಟಿತು. ಮುಖ್ಯ ಸಂಚಾರಕ್ಕೆ ಏನೂ ಆಗಲಿಲ್ಲ. ಕೆಲವು ದಿನಗಳ ನಂತರ ಹಿಂದಿರುವ ಸರ್ವರ್‌ಗಳಲ್ಲಿ ಸೆಷನ್ ಕೋಷ್ಟಕ ತುಂಬುತ್ತಿದೆ, ಮುಗಿದ ಸೆಷನ್‌ಗಳು ಹಾಗೇ ಉಳಿಯುತ್ತಿವೆ ಎಂದು ದೂರು ಬಂತು. ಸಹಜವಾಗಿಯೇ ಎಲ್ಲರ ಕಣ್ಣು ಸರ್ವರ್ ಕಡೆಯ ಕೋಡ್ ಮೇಲೆ ಬಿತ್ತು. ನಮ್ಮ ಕಡೆಯ ಲಾಗ್‌ನಲ್ಲಿ ‘ಮುಗಿಯಿತು’ ಸಂದೇಶಗಳು ತಪ್ಪದೆ ಹೋಗಿದ್ದವು. ಸರ್ವರ್‌ನ ಲಾಗ್‌ನಲ್ಲಿ ಅವು ಬಂದದ್ದೇ ಇಲ್ಲ.

ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಅನ್ನು ಕಳುಹಿಸುವ ಯಂತ್ರದಲ್ಲಿ ಓಡಿಸಿದಾಗ ಆ ಪ್ಯಾಕೆಟ್‌ಗಳ ಪಕ್ಕದಲ್ಲಿ ಯುಡಿಪಿ ಚೆಕ್‌ಸಮ್ ತಪ್ಪಾಗಿದೆ ಎಂದು ಬಂತು. ಉತ್ತರ ಅಲ್ಲೇ ಕಣ್ಣೆದುರಿತ್ತು. ಆದರೂ ಅದನ್ನು ಬದಿಗಿಟ್ಟರು. ಏಕೆಂದರೆ ಕಳುಹಿಸುವ ಕಡೆ ಈ ಸಾಲು ಕಂಡು ಗಾಬರಿಯಾಗಬಾರದು ಎಂದು ನೆಟ್‌ವರ್ಕಿಂಗ್ ಕೆಲಸ ಮಾಡುವ ಪ್ರತಿಯೊಬ್ಬರೂ ಕಲಿತಿರುತ್ತಾರೆ. ಚೆಕ್‌ಸಮ್ ಆಫ್‌ಲೋಡ್ ಇದ್ದಾಗ ಅದನ್ನು ತುಂಬುವುದು ನೆಟ್‌ವರ್ಕ್ ಕಾರ್ಡ್. ಟಿಸಿಪಿಡಂಪ್ ನೋಡುವುದು ಅದಕ್ಕೂ ಮುಂಚಿನ ರೂಪವನ್ನು. ಹಾಗಾಗಿ ಅಲ್ಲಿ ‘ತಪ್ಪು’ ಎಂದು ಬರುವುದು ದಿನನಿತ್ಯದ ಮಾತು. ಒಂದೇ ದೋಷದ ಬಗ್ಗೆ ಎರಡು ಉಪಕರಣಗಳು ಬಾಯಿ ಬಿಟ್ಟು ಹೇಳಿದ್ದವು, ಎರಡೂ ಸಲ ಅನುಭವವೇ ಅವನ್ನು ತಳ್ಳಿಹಾಕಿತು. ಇದು ಯಾರೊಬ್ಬರ ಅಸಡ್ಡೆಯಿಂದ ಆದದ್ದಲ್ಲ ಎಂದು ಒತ್ತಿ ಹೇಳುತ್ತೇನೆ. ಹುಸಿ ಎಚ್ಚರಿಕೆಗಳನ್ನು ನೂರಾರು ಸಲ ಸರಿಯಾಗಿಯೇ ಗುರುತಿಸಿದವರು ನೂರೊಂದನೆಯದನ್ನು ಹಾಗೇ ಓದುವುದು ಸಹಜ.

ಗಂಟು ಬಿಚ್ಚಿದ್ದು ತಂಡಕ್ಕೆ ಹೊಸದಾಗಿ ಸೇರಿದ್ದ ಎಂಜಿನಿಯರ್. ತಲುಪುವ ಯಂತ್ರದ ಕರ್ನಲ್ ಕೌಂಟರ್‌ಗಳನ್ನು ತೆಗೆದು ನೋಡಿದರು. ಚೆಕ್‌ಸಮ್ ತಪ್ಪಿದ ಯುಡಿಪಿ ಪ್ಯಾಕೆಟ್‌ಗಳನ್ನು ಲಿನಕ್ಸ್ ಸದ್ದಿಲ್ಲದೆ ಬಿಸಾಡುತ್ತದೆ, ಅಪ್ಲಿಕೇಶನ್‌ಗೆ ಸುಳಿವೂ ಸಿಗುವುದಿಲ್ಲ. ಆದರೆ ಎಣಿಕೆಯನ್ನು ಪ್ರತ್ಯೇಕವಾಗಿ ಇಟ್ಟಿರುತ್ತದೆ. ಪ್ರತಿ ‘ಮುಗಿಯಿತು’ ಸಂದೇಶಕ್ಕೂ ಆ ಎಣಿಕೆ ಒಂದೊಂದೇ ಏರುತ್ತಿತ್ತು.

“ಸರ್, ಕಳಿಸೋ ಕಡೆ ನೋಡಿದರೆ ಆಫ್‌ಲೋಡ್ ಅಂತೀವಿ, ಸರಿ. ತಲುಪೋ ಕಡೆಯೂ ತಪ್ಪೇ ಇದೆಯಲ್ಲ?”

“ಹಾಗಾದರೆ ಕಾರ್ಡ್ ತುಂಬುತ್ತಿಲ್ಲ.”

“ಕಾರ್ಡ್ ತುಂಬಬೇಕು ಅಂತ ನಾವು ಹೇಳಿದ್ದೇ ಎಲ್ಲಿ ಸರ್? ಇದು ಪ್ಯಾಕೆಟ್ ಸಾಕೆಟ್.”

ಆಕೆ ಹೇಳಿದ್ದು ಸರಿಯಾಗಿತ್ತು. ಸಾಮಾನ್ಯ ಯುಡಿಪಿ ಸಾಕೆಟ್‌ನಲ್ಲಿ ಚೆಕ್‌ಸಮ್ ಕೆಲಸವನ್ನು ಕಾರ್ಡ್‌ಗೆ ಒಪ್ಪಿಸುವುದು ಕರ್ನಲ್. ಪ್ಯಾಕೆಟ್ ಸಾಕೆಟ್‌ನಲ್ಲಿ ಬೈಟ್‌ಗಳೆಲ್ಲ ನಾವು ಬರೆದವೇ. ನಾವಾಗಿ ಕೇಳಿಕೊಳ್ಳದ ಹೊರತು ಕಾರ್ಡ್ ಅದನ್ನು ಮುಟ್ಟುವುದಿಲ್ಲ.

ಎಷ್ಟು ತಪ್ಪು ಎಂಬುದೇ ಸುಳಿವು

ಈ ಹಂತದಲ್ಲಿ ಕೋಡ್ ತೆರೆದು ಕೂರುವ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ಮೊದಲು ಸರಿಯಾದ ಚೆಕ್‌ಸಮ್‌ಗೂ ಬಂದ ಚೆಕ್‌ಸಮ್‌ಗೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಿದ್ದು ಬಹಳ ಸಮಯ ಉಳಿಸಿತು. ಇಂಟರ್ನೆಟ್ ಚೆಕ್‌ಸಮ್ ಕೇವಲ ಕೂಡುವ ಲೆಕ್ಕ, ಸುತ್ತಿ ಬರುವುದು 65535ಕ್ಕೆ. ಅಂದಮೇಲೆ ವ್ಯತ್ಯಾಸವೆಂದರೆ ಲೆಕ್ಕದಿಂದ ಬಿಟ್ಟುಹೋದದ್ದರ ಮೊತ್ತವೇ.

ವಿಳಾಸಗಳು 192.0.2.1 ಮತ್ತು 198.51.100.7 ಎಂದಿಟ್ಟುಕೊಳ್ಳಿ. ಎರಡೆರಡು ಬೈಟ್ ಜೋಡಿಸಿದರೆ ನಾಲ್ಕು ಸಂಖ್ಯೆಗಳು: 49152, 513, 50739, 25607. ಮೊತ್ತ 126011. ಅದರಿಂದ 65535 ಕಳೆದರೆ 60476. ಬಂದ ಚೆಕ್‌ಸಮ್ ಸರಿಯಾದದ್ದಕ್ಕಿಂತ ಕರಾರುವಾಕ್ಕಾಗಿ ಇಷ್ಟೇ ಮುಂದಿತ್ತು. ಬೇರೆ ಸರ್ವರ್‌ಗೆ ಹೋದ ಪ್ಯಾಕೆಟ್ ತೆಗೆದುಕೊಂಡರೆ ಆ ಸರ್ವರ್‌ನ ವಿಳಾಸಕ್ಕೆ ತಕ್ಕ ವ್ಯತ್ಯಾಸ. ಪ್ರೊಟೊಕಾಲ್, ಉದ್ದ, ಯುಡಿಪಿ ಹೆಡರ್, ಒಳಗಿನ ಸಂದೇಶ ಎಲ್ಲವೂ ಲೆಕ್ಕಕ್ಕೆ ಬಂದಿವೆ. ಎರಡು ವಿಳಾಸಗಳು ಮಾತ್ರ ಸೊನ್ನೆಯಾಗಿವೆ.

ಸೊನ್ನೆ ಎಂದೊಡನೆ ಘೋಷಣೆಯಲ್ಲಿ ತುಂಬಿದ ಸೊನ್ನೆ ನೆನಪಾಯಿತು. ಓ3 ಮಟ್ಟದ (ವೇಗಕ್ಕಾಗಿ ಕಂಪೈಲರ್ ಕೋಡನ್ನು ಬಹಳ ಹೊಸೆಯುವ ಮಟ್ಟ) ಬಿಲ್ಡನ್ನು ಡಿಸ್‌ಅಸೆಂಬಲ್ ಮಾಡಿದಾಗ (ಯಂತ್ರದ ಸೂಚನೆಗಳಾಗಿ ಬಿಡಿಸಿದಾಗ) ಸ್ಯೂಡೊ ಹೆಡರ್ ಭಾಗದಲ್ಲಿ ಉಳಿದಿದ್ದು ಇಷ್ಟೇ: ಪ್ರೊಟೊಕಾಲ್ ಸಂಖ್ಯೆ 17 ಒಂದು ಸ್ಥಿರಾಂಕವಾಗಿ, ಅದಕ್ಕೆ ಉದ್ದ ಕೂಡಿಸುವ ಒಂದು ಸೂಚನೆ. ವಿಳಾಸಗಳನ್ನು ಸ್ಟ್ರಕ್ಟ್‌ಗೆ ಬರೆಯುವ ಸೂಚನೆಗಳೂ ಇರಲಿಲ್ಲ, ಅಲ್ಲಿಂದ ಓದುವ ಸೂಚನೆಗಳೂ ಇರಲಿಲ್ಲ.

ಕಾರಣ ಸ್ಟ್ರಿಕ್ಟ್ ಅಲಿಯಾಸಿಂಗ್. ಒಂದು ಬಗೆಯಾಗಿ ಬರೆದ ಜಾಗವನ್ನು ಇನ್ನೊಂದು ಬಗೆಯ ಪಾಯಿಂಟರ್ ಮೂಲಕ ಓದಬಾರದು ಎಂಬುದು ಸಿ ಭಾಷೆಯ ನಿಯಮ. ಬೈಟ್ ಬೈಟಾಗಿ ಕ್ಯಾರೆಕ್ಟರ್ ಬಗೆಯಲ್ಲಿ ಓದಲು ಮಾತ್ರ ವಿನಾಯಿತಿ. ಜಿಸಿಸಿ ಓ2ರಿಂದ ಮೇಲೆ ಈ ನಿಯಮವನ್ನು ನಂಬಿಯೇ ಕೋಡ್ ಹೊಸೆಯುತ್ತದೆ. ಇಲ್ಲಿ ವಿಳಾಸ ಬರೆದದ್ದು 32 ಬಿಟ್ ಆಗಿ, ಓದಿದ್ದು 16 ಬಿಟ್ ಆಗಿ. ಫಂಕ್ಷನ್ ಬೇರೆ ಫೈಲ್‌ನಲ್ಲಿ ಇದ್ದಷ್ಟು ಕಾಲ ಕಂಪೈಲರ್‌ಗೆ ಎರಡೂ ಕಡೆ ಒಟ್ಟಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಕೆಲಸ ನಡೆಯಿತು. ಇನ್‌ಲೈನ್ ಆದೊಡನೆ ‘ಈ ಓದು ಆ ಬರಹವನ್ನು ನೋಡಲಾರದು’ ಎಂದು ಅದು ತೀರ್ಮಾನಿಸಿತು. ಯಾರೂ ಓದದ ಬರಹ ವ್ಯರ್ಥ, ತೆಗೆದುಹಾಕಿತು. ಉದ್ದದ ಸದಸ್ಯ 16 ಬಿಟ್‌ನದೇ ಆದ್ದರಿಂದ ಉಳಿಯಿತು. ಒಂದು ಬೈಟ್‌ನ ಸದಸ್ಯಗಳು ಕ್ಯಾರೆಕ್ಟರ್ ಬಗೆಯವು; ಅಂಥ ಬರಹ ಏನನ್ನು ಬೇಕಾದರೂ ಮುಟ್ಟಿರಬಹುದು ಎಂದು ಜಿಸಿಸಿ ಎಣಿಸುತ್ತದೆ, ಅವೂ ಉಳಿದವು.

ಈಗ ಆ ವಾರ್ನಿಂಗನ್ನು ಮತ್ತೆ ಓದಿ ನೋಡಿ. ಕಂಪೈಲರ್‌ನ ಕಣ್ಣಿನಲ್ಲಿ ವಿಳಾಸಗಳಿಗೆ ಮೌಲ್ಯ ತುಂಬಿಯೇ ಇರಲಿಲ್ಲ. ಅದು ಕಂಡದ್ದನ್ನೇ ಹೇಳಿತ್ತು. ಏಕೆ ಹಾಗೆ ಕಂಡಿತು ಎಂಬುದನ್ನು ಹೇಳಿರಲಿಲ್ಲ. ಅಲಿಯಾಸಿಂಗ್ ಬಗೆಗಿನ ಬೇರೆಯದೇ ವಾರ್ನಿಂಗ್ ಜಿಸಿಸಿಯಲ್ಲಿದೆ, ಸಾಮಾನ್ಯ ಬಿಲ್ಡ್‌ಗಳಲ್ಲಿ ಅದು ಚಾಲ್ತಿಯಲ್ಲೂ ಇರುತ್ತದೆ. ಆದರೆ ವಾಯ್ಡ್ ಪಾಯಿಂಟರ್ ಆಗಿ ಫಂಕ್ಷನ್ ಒಳಗೆ ಬಂದು ಅಲ್ಲಿ ಬಗೆ ಬದಲಿಸಿದರೆ ಅದಕ್ಕೆ ಸುಳಿವು ಸಿಗುವುದಿಲ್ಲ. ಮಾತಾಡಬೇಕಾದ ವಾರ್ನಿಂಗ್ ಸುಮ್ಮನಿತ್ತು, ಅದರ ಬದಲು ಇನ್ನೊಂದು ಮಾತಾಡಿತು.

ಸೊನ್ನೆ ತುಂಬಿದ್ದು ಏನು ಮಾಡಿತು? ಸ್ಟ್ರಕ್ಟ್‌ಗೆ ಒಟ್ಟಾಗಿ ಬರೆಯುವುದನ್ನು ಕಂಪೈಲರ್ ಅದರೊಳಗಿನ 16 ಬಿಟ್ ಸದಸ್ಯಕ್ಕೂ ಸಂಬಂಧಿಸಿದ ಬರಹವಾಗಿ ನೋಡುತ್ತದೆ. ಹಾಗಾಗಿ ವಿಳಾಸದ ಜಾಗ ಓದಿದಾಗ ಅದಕ್ಕೆ ಸಿಕ್ಕ ಕೊನೆಯ ಬರಹ ಆ ಸೊನ್ನೆ. ಮೊದಲು ಕಸ ಬರಬಹುದಾಗಿದ್ದ ಜಾಗದಲ್ಲಿ ಈಗ ಖಚಿತವಾಗಿ ಸೊನ್ನೆ ಬಂತು, ವಾರ್ನಿಂಗ್‌ಗೆ ಕಾರಣವೂ ಉಳಿಯಲಿಲ್ಲ. ಮೌಲ್ಯ ತುಂಬದ ಮೆಮೊರಿಯ ಬಳಕೆಯನ್ನು ಹಿಡಿಯುವ ವಾಲ್‌ಗ್ರಿಂಡ್‌ನಂಥ ಉಪಕರಣಕ್ಕೂ ಇನ್ನು ದೂರಲು ಏನೂ ಇರಲಿಲ್ಲ.

ಐಪಿ ಹೆಡರ್‌ನಲ್ಲೂ 32 ಬಿಟ್ ವಿಳಾಸಗಳಿವೆ, ಅದರ ಚೆಕ್‌ಸಮ್ ಏಕೆ ಕೆಡಲಿಲ್ಲ ಎಂದು ಹಿರಿಯರು ಕೇಳಿದರು. ನಮ್ಮನ್ನೂ ಸ್ವಲ್ಪ ಹೊತ್ತು ಕಾಡಿದ ಪ್ರಶ್ನೆ. ಐಪಿ ಹೆಡರನ್ನು ಸೆಷನ್ ಶುರುವಾದಾಗ ಮಾಡಿಟ್ಟ ಅಚ್ಚಿನಿಂದ ಮೆಮ್‌ಕಾಪಿ ಮಾಡುತ್ತಿದ್ದರು. ಮೆಮ್‌ಕಾಪಿ ಬೈಟ್‌ಗಳ ನಕಲು, ಬಗೆಯ ಹಂಗಿಲ್ಲ. ಆಮೇಲೆ ಯಾವ ಪಾಯಿಂಟರ್‌ನಿಂದ ಓದಿದರೂ ಆ ಬರಹ ಕಣ್ಮರೆಯಾಗದು. ಪರಿಹಾರದ ದಾರಿಯೂ ಇದರಿಂದಲೇ ಹೊಳೆಯಿತು.

ಪರೀಕ್ಷೆಗಳು ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಉತ್ತರ ಸರಳ. ಯೂನಿಟ್ ಪರೀಕ್ಷೆಗಳು ಆಪ್ಟಿಮೈಸೇಶನ್ ಇಲ್ಲದ ಬಿಲ್ಡ್‌ನಲ್ಲಿ ಓಡುತ್ತಿದ್ದವು. ಪ್ರೋಗ್ರಾಮ್ ಓಡುವಾಗಲೇ ದೋಷ ಹುಡುಕುವ ಅಡ್ರೆಸ್ ಸ್ಯಾನಿಟೈಸರ್ ಆಗಲಿ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಆಗಲಿ ಅಲಿಯಾಸಿಂಗ್ ಉಲ್ಲಂಘನೆಯನ್ನು ನೋಡುವುದಿಲ್ಲ. ಅದಕ್ಕೆಂದೇ ಮಾಡಿದ ಟೈಪ್ ಸ್ಯಾನಿಟೈಸರ್ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ಗೆ ಸೇರಿದ್ದು 2025ರ 20ನೇ ಆವೃತ್ತಿಯಲ್ಲಿ. ಇಡೀ ವ್ಯವಸ್ಥೆಯ ಪರೀಕ್ಷೆಯಲ್ಲಿ ಸಂದೇಶವನ್ನು ಸ್ವೀಕರಿಸುತ್ತಿದ್ದದ್ದೂ ಒಂದು ಪ್ಯಾಕೆಟ್ ಸಾಕೆಟ್. ಅಲ್ಲಿ ಚೆಕ್‌ಸಮ್ ನೋಡುವವರೇ ಇರಲಿಲ್ಲ.

ಪರಿಹಾರದ ಚರ್ಚೆ

ಫಂಕ್ಷನ್ ಇನ್‌ಲೈನ್ ಆಗದಂತೆ ತಡೆಯೋಣ ಎಂಬ ಸಲಹೆ ಮೊದಲು ಬಂತು. ಒಂದೇ ಸಾಲಿನ ಬದಲಾವಣೆ, ಆ ಹೊತ್ತಿಗೆ ಕೆಲಸವೂ ಆಗುತ್ತಿತ್ತು. ಆದರೆ ನಿಯಮದ ಉಲ್ಲಂಘನೆ ಹಾಗೇ ಉಳಿದು ಮುಂದಿನ ಆಪ್ಟಿಮೈಸೇಶನ್‌ಗೆ ಕಾದು ಕೂರುತ್ತಿತ್ತು. ಓದು ಬರಹಗಳನ್ನು ತೆಗೆದುಹಾಕಬೇಡ ಎಂದು ಕಂಪೈಲರ್‌ಗೆ ಹೇಳುವ ವೊಲಟೈಲ್ ಸೇರಿಸುವ ಸಲಹೆಗೂ ಇದೇ ಗತಿ. ಯೂನಿಯನ್ (ಒಂದೇ ಜಾಗವನ್ನು ಹಲವು ಬಗೆಯ ಸದಸ್ಯಗಳು ಹಂಚಿಕೊಳ್ಳುವ ರಚನೆ) ಮೂಲಕ ಬಗೆ ಬದಲಿಸುವುದನ್ನು ಸಿ ಒಪ್ಪುತ್ತದೆ, ಸಿ++ ಒಪ್ಪುವುದಿಲ್ಲ. ಈ ಹೆಡರ್ ಫೈಲ್ ಸಿ++ನಲ್ಲಿ ಬರೆದ ಪರೀಕ್ಷೆಗಳಿಗೂ ಹೋಗುತ್ತಿದ್ದರಿಂದ ಅದನ್ನೂ ಬಿಟ್ಟರು.

ಉಳಿದದ್ದು ಎರಡು. ಒಂದು, ಲಿನಕ್ಸ್ ಕರ್ನಲ್ ಮಾಡುವಂತೆ ಸ್ಟ್ರಿಕ್ಟ್ ಅಲಿಯಾಸಿಂಗ್ ಊಹೆಯನ್ನೇ ಫ್ಲ್ಯಾಗ್ (ಬಿಲ್ಡ್ ಮಾಡುವಾಗ ಕಂಪೈಲರ್‌ಗೆ ಕೊಡುವ ಆಯ್ಕೆ) ಕೊಟ್ಟು ನಿಲ್ಲಿಸಿಬಿಡುವುದು. ಇನ್ನೊಂದು, ಲೂಪ್ ಒಳಗೆ ಕಾಸ್ಟ್ ತೆಗೆದು, ಎರಡು ಬೈಟ್‌ಗಳನ್ನು ಮೆಮ್‌ಕಾಪಿಯಿಂದ ಒಂದು 16 ಬಿಟ್ ಸ್ಥಳೀಯ ವೇರಿಯಬಲ್‌ಗೆ ತಂದುಕೊಂಡು ಕೂಡಿಸುವುದು. ‘ಪ್ರತಿ ಎರಡು ಬೈಟ್‌ಗೂ ಒಂದು ಫಂಕ್ಷನ್ ಕರೆಯೇ?’ ಎಂಬ ಆಕ್ಷೇಪ ಬಂತು. ಅಸೆಂಬ್ಲಿ ತೆಗೆದು ತೋರಿಸಿದ ಮೇಲೆ ಅದು ಅಡಗಿತು: ಉದ್ದ ಸ್ಥಿರವಾಗಿರುವ ಇಷ್ಟು ಚಿಕ್ಕ ಮೆಮ್‌ಕಾಪಿಯನ್ನು ಜಿಸಿಸಿ ಒಂದೇ ಲೋಡ್ ಸೂಚನೆಯಾಗಿ ಮಾಡುತ್ತದೆ, ಕರೆ ಎಂಬುದೇ ಇರುವುದಿಲ್ಲ. ಬೆಸ ವಿಳಾಸದಿಂದ ಓದುವ ತೊಂದರೆಯೂ ಇದರಿಂದಲೇ ಪರಿಹಾರವಾಗುತ್ತದೆ.

ತಂಡ ಎರಡನ್ನೂ ಮಾಡಿತು. ನನ್ನ ಅಭಿಪ್ರಾಯದಲ್ಲೂ ಅದೇ ಸರಿ. ಫ್ಲ್ಯಾಗ್ ಒಂದನ್ನೇ ನಂಬಿದರೆ ಈ ಫೈಲನ್ನು ನಾಳೆ ಬೇರೆ ಪ್ರಾಜೆಕ್ಟ್‌ಗೆ ಯಾರಾದರೂ ನಕಲಿಸಿದಾಗ ಫ್ಲ್ಯಾಗ್ ಜೊತೆಗೆ ಹೋಗುವುದಿಲ್ಲ. ಚೆಕ್‌ಸಮ್ ಫಂಕ್ಷನ್‌ಗಳು ಓಡಾಡುವುದೇ ನಕಲಿನ ಮೂಲಕ. ಕೋಡ್ ಒಂದನ್ನೇ ತಿದ್ದಿದರೆ, ಹೆಡರ್‌ಗಳ ಮೇಲೆ ಪಾಯಿಂಟರ್ ಹೊದಿಸಿ ಓದುವ ಬೇರೆ ಜಾಗಗಳು ಈ ಡೈರೆಕ್ಟರಿಯಲ್ಲಿ ಇನ್ನೂ ಎಷ್ಟಿವೆಯೋ, ಅವೆಲ್ಲವೂ ಕೈಗೆ ಸಿಗುವವರೆಗೆ ಕಾವಲು ಬೇಕು.

ಆಮೇಲೆ ನನಗೆ ಬಹಳ ಮೆಚ್ಚುಗೆಯಾದ ಒಂದು ಹೆಜ್ಜೆ ಇಟ್ಟರು. ಮೆಮ್‌ಕಾಪಿ ತಿದ್ದುಪಡಿ ಮಾತ್ರ ಇಟ್ಟು, ಫ್ಲ್ಯಾಗ್ ಇಲ್ಲದೆ, ಘೋಷಣೆಯಲ್ಲಿದ್ದ ಸೊನ್ನೆಯನ್ನು ಅಳಿಸಿ ಮತ್ತೆ ಬಿಲ್ಡ್ ಮಾಡಿದರು. ವಾರ್ನಿಂಗ್ ಬರಲಿಲ್ಲ. ನಿಜವಾದ ಕಾರಣ ಹೋದಾಗ ವಾರ್ನಿಂಗ್ ತಾನಾಗಿಯೇ ಹೋಗಬೇಕು. ಅದಕ್ಕೆಂದು ಬೇರೆ ಏನಾದರೂ ಅಂಟಿಸಬೇಕಾಗಿ ಬಂದರೆ ಕಾರಣ ಇನ್ನೂ ಅಲ್ಲೇ ಇದೆ ಎಂದರ್ಥ. ಸೊನ್ನೆಯನ್ನು ಮತ್ತೆ ಸೇರಿಸಲಿಲ್ಲ.

ನಂತರ ಬದಲಾದದ್ದು

ರಿವ್ಯೂನಲ್ಲಿ ಈಗ ಕೇಳುವ ಪ್ರಶ್ನೆ ಬೇರೆ. ‘ಈ ವಾರ್ನಿಂಗ್ ಸರಿಯೋ ತಪ್ಪೋ’ ಎಂದು ಮೊದಲು ಕೇಳುತ್ತಿದ್ದರು, ಸಾಲು ನೋಡಿ ತೀರ್ಪು ಕೊಡುತ್ತಿದ್ದರು. ಈಗ ‘ಕಂಪೈಲರ್ ಏನನ್ನು ನಂಬಿದರೆ ಈ ಮಾತು ನಿಜವಾಗುತ್ತದೆ’ ಎಂದು ಕೇಳುತ್ತಾರೆ. ಮ್ಯಾಕ್ ವಿಳಾಸದ ವಾರ್ನಿಂಗ್‌ಗೆ ಉತ್ತರ ತಕ್ಷಣ ಸಿಗುತ್ತದೆ: ನಕಲು ಒಂದೇ ಸದಸ್ಯಕ್ಕೆ ಎಂದು ಅದು ನಂಬಿದೆ, ಆ ನಂಬಿಕೆ ಹುಸಿ, ಅಪಾಯವಿಲ್ಲ. ಸ್ಯೂಡೊ ಹೆಡರ್ ವಾರ್ನಿಂಗ್‌ಗೆ ಹಾಗೆ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಐದು ಸಾಲು ಮೇಲೆ ಮೌಲ್ಯ ಕೊಟ್ಟಿರುವಾಗ ‘ಕೊಟ್ಟಿಲ್ಲ’ ಎಂದು ನಂಬಲು ಏನು ಕಾರಣ? ಉತ್ತರ ಸಿಗದ ವಾರ್ನಿಂಗನ್ನು ಸುಮ್ಮನಾಗಿಸುವಂತಿಲ್ಲ ಎಂಬುದು ತಂಡದ ನಿಯಮ. ಅಂಥದ್ದು ಬಂದರೆ ಆ ಫಂಕ್ಷನ್ನಿನ ಅಸೆಂಬ್ಲಿಯನ್ನು ಒಮ್ಮೆ ತೆರೆದು ನೋಡಬೇಕು.

ಪರೀಕ್ಷೆಯಲ್ಲೂ ಎರಡು ತಿದ್ದುಪಡಿ ಆದವು. ಯೂನಿಟ್ ಪರೀಕ್ಷೆಗಳು ಬಿಡುಗಡೆಗೆ ಹೋಗುವ ಓ3 ಬಿಲ್ಡ್‌ನಲ್ಲೂ ಓಡುತ್ತವೆ. ಸಂದೇಶ ಸ್ವೀಕರಿಸುವ ಕಡೆ ಪ್ಯಾಕೆಟ್ ಸಾಕೆಟ್ ಬದಲು ಬೇರೆ ಯಂತ್ರದ ಮಾಮೂಲಿ ಯುಡಿಪಿ ಸಾಕೆಟ್ ಬಂದಿದೆ. ಚೆಕ್‌ಸಮ್ ತಪ್ಪಿದರೆ ಅಲ್ಲಿನ ಕರ್ನಲ್ ಬಿಸಾಡುತ್ತದೆ, ಸಂದೇಶ ಬರಲಿಲ್ಲವೆಂದು ಪರೀಕ್ಷೆ ಬೀಳುತ್ತದೆ. ಕಂಪೈಲರ್ ಬದಲಾವಣೆಯ ಬ್ರಾಂಚ್‌ನಲ್ಲಿ ಕೋಡ್ ಸ್ಥಳಾಂತರಿಸುವುದನ್ನು ಈಗ ಒಪ್ಪುವುದಿಲ್ಲ.

ವಾರ್ನಿಂಗ್‌ಗಳನ್ನು ಸುಮ್ಮನಾಗಿಸಲು ಕೋಡ್‌ನಲ್ಲಿ ಹಿಂದೆ ಹಾಕಿದ್ದ ಪ್ರಾಗ್ಮಾಗಳನ್ನೆಲ್ಲ (ಕಂಪೈಲರ್‌ಗೆ ಕೊಡುವ ಸೂಚನೆಯ ಸಾಲುಗಳು) ಒಂದೊಂದಾಗಿ ತೆಗೆದು ನೋಡಿದಾಗ ಬಹಳಷ್ಟು ಬೇಕಾಗಿಯೇ ಇರಲಿಲ್ಲ. ಉಳಿದದ್ದು ಟಿಸಿಪಿ ಆಪ್ಷನ್‌ಗಳನ್ನು ಬಿಡಿಸುವ ಫಂಕ್ಷನ್ ಒಂದರಲ್ಲಿ. ಅಲ್ಲಿ ಉದ್ದದ ವೇರಿಯಬಲ್‌ಗೆ ಮೌಲ್ಯ ಸಿಗದ ದಾರಿಯಲ್ಲಿ ಅದನ್ನು ಬಳಸುವುದೂ ಇಲ್ಲ, ಆದರೆ ಎರಡು ಷರತ್ತುಗಳ ನಡುವಿನ ನಂಟನ್ನು ಕಂಪೈಲರ್ ಹಿಡಿಯಲಾರದು. ಆ ಪ್ರಾಗ್ಮಾದ ಮೇಲೆ ಈಗ ಮೂರು ಸಾಲಿನ ಟಿಪ್ಪಣಿ ಇದೆ: ಕಂಪೈಲರ್ ಏನೆಂದುಕೊಂಡಿದೆ, ಅದು ಏಕೆ ಹಾಗಲ್ಲ, ಯಾವ ಆವೃತ್ತಿಯಲ್ಲಿ ಕೊನೆಯ ಸಲ ತೆಗೆದು ಪರೀಕ್ಷಿಸಿದ್ದು. ಮುಂದಿನ ಕಂಪೈಲರ್ ಬಂದಾಗ ಮೊದಲು ಅಳಿಸಿ ನೋಡುವುದು ಅದನ್ನೇ.